ನಾಲ್ಕೂವರೆ ವರ್ಷದ ಮಗುವಿಗೆ ‘ಫೈಂಡಿಂಗ್ ನೀಮೋ’ ತೋರಿಸಬಹುದೇ?

ಸರಸ್ವತಿಪುರಂ ಅಮ್ಮ · ಬುಧವಾರ, ಬೆಳಿಗ್ಗೆ 10.20

ಎಲ್ಲರಿಗೂ ನಮಸ್ಕಾರ. ಬರುವ ಶನಿವಾರ ಸಂಜೆ ನಮ್ಮ ಬೀದಿಯವರೆಲ್ಲ ಸೇರಿ ಸಮುದಾಯ ಭವನದಲ್ಲಿ ಮಕ್ಕಳಿಗಾಗಿ ಒಂದು ಸಿನಿಮಾ ಹಾಕುತ್ತಿದ್ದೇವೆ. ಬೇಸಿಗೆ ರಜೆ ಶುರುವಾಗಿ ಮೂರು ವಾರವಾಯಿತು, ದೊಡ್ಡವರ ತಾಳ್ಮೆ ಮುಗಿದಿದೆ. ಆಯ್ಕೆಯಾಗಿರುವುದು ‘ಫೈಂಡಿಂಗ್ ನೀಮೋ’ ಎಂಬ ಮೀನುಗಳ ಕಾರ್ಟೂನ್ ಚಿತ್ರ.

ನನಗೆ ಇಬ್ಬರು ಮಕ್ಕಳು. ಮಗನಿಗೆ ಎಂಟು ವರ್ಷ, ಅವನ ಚಿಂತೆಯಿಲ್ಲ. ಮಗಳಿಗೆ ನಾಲ್ಕೂವರೆ. ಕಳೆದ ದಸರಾ ರಜೆಯಲ್ಲಿ ಮಾಲ್‌ನಲ್ಲಿ ಒಂದು ಕಾರ್ಟೂನ್ ಸಿನಿಮಾಕ್ಕೆ ಕರೆದುಕೊಂಡು ಹೋಗಿದ್ದೆವು. ಪೋಸ್ಟರಿನಲ್ಲಿ ಎಲ್ಲರೂ ನಗುತ್ತಿದ್ದರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಇವಳು ನನ್ನ ಸೆರಗಿನೊಳಗೆ ಸೇರಿಕೊಂಡಿದ್ದಳು, ಮಧ್ಯಂತರಕ್ಕೆ ಮುಂಚೆಯೇ ನಾವು ಹೊರಗಿದ್ದೆವು. ಆಮೇಲೆ ಹದಿನೈದು ದಿನ ಸ್ನಾನದ ಮನೆಗೆ ಒಬ್ಬಳೇ ಹೋಗಲಿಲ್ಲ. ಆ ಸಿನಿಮಾದಲ್ಲಿ ಸ್ನಾನದ ಮನೆಯೇ ಇರಲಿಲ್ಲ ಎಂಬುದು ಬೇರೆ ಮಾತು.

ನಮ್ಮ ಯಜಮಾನರು ‘ಮೀನಿನ ಕತೆಗೆ ಯಾರಾದರೂ ಹೆದರುತ್ತಾರೆಯೇ’ ಎಂದು ನಗುತ್ತಾರೆ. ಪಕ್ಕದ ಮನೆಯವರು ‘ಶುರುವಿನಲ್ಲೇ ತಾಯಿ ಸಾಯುತ್ತಾಳೆ, ನೋಡಿಕೊಳ್ಳಿ’ ಎನ್ನುತ್ತಾರೆ. ನೋಡಿದವರು ದಯವಿಟ್ಟು ಉಳಿದದ್ದನ್ನು ಬಿಚ್ಚಿ ಹೇಳಿ. ಕತೆ ಗೊತ್ತಾಗಿಬಿಡುತ್ತದೆ ಎಂಬ ಸಂಕೋಚ ಬೇಡ.

ವಿಜಯನಗರ ಎರಡನೇ ಹಂತ · ಬುಧವಾರ, ಬೆಳಿಗ್ಗೆ 11.05

ನಿಮ್ಮ ಪಕ್ಕದ ಮನೆಯವರು ಹೇಳಿದ್ದು ನಿಜ. 2003ರ ಚಿತ್ರ, 100 ನಿಮಿಷ. ಚಿತ್ರದ ಹೆಸರು ತೆರೆಗೆ ಬರುವ ಮುಂಚೆಯೇ ತಾಯಿ ಮೀನೂ ನಾನೂರಕ್ಕೂ ಹೆಚ್ಚು ಮೊಟ್ಟೆಗಳೂ ಬ್ಯಾರಕುಡಾ ಎಂಬ ದೊಡ್ಡ ಬೇಟೆ ಮೀನಿನ ಪಾಲಾಗುತ್ತವೆ. ಉಳಿಯುವುದು ಒಂದೇ ಮೊಟ್ಟೆ, ಅದೇ ನೀಮೋ. ಮುಂದೆ ಅವನು ಕಳೆದುಹೋಗಿ, ಅಪ್ಪ ಹುಡುಕಿಕೊಂಡು ಹೋಗುವುದೇ ಕತೆ. ಆದರೆ ಕೊಲ್ಲುವುದನ್ನು ತೋರಿಸುವುದಿಲ್ಲ. ತಂದೆ ಮೀನು ಏಟು ತಿಂದು ಎಚ್ಚರ ತಪ್ಪುತ್ತದೆ, ತೆರೆ ಕತ್ತಲಾಗುತ್ತದೆ, ಕಣ್ಣು ಬಿಟ್ಟಾಗ ಸುತ್ತ ಯಾರೂ ಇಲ್ಲ. ನನ್ನ ಮಗಳು ಐದು ವರ್ಷದವಳಿದ್ದಾಗ ನೋಡಿ ‘ಅವರ ಅಮ್ಮ ಕೆಲಸಕ್ಕೆ ಹೋದರೇ?’ ಎಂದು ಕೇಳಿದಳು. ಕಣ್ಣೊರೆಸಿಕೊಳ್ಳುತ್ತಿದ್ದವನು ನಾನು.

ಅವಳನ್ನು ಹೆದರಿಸಿದ್ದು ಬೇರೆಯದೇ. ‘ನಾವು ಇನ್ನು ಮೀನು ತಿನ್ನುವುದಿಲ್ಲ’ ಎಂದು ಪಣ ತೊಟ್ಟ ಮೂರು ಶಾರ್ಕ್‌ಗಳ ಸಭೆ ಇದೆ. ತುಂಬಾ ತಮಾಷೆಯಾಗಿ ಶುರುವಾಗುತ್ತದೆ. ಒಂದು ಹನಿ ರಕ್ತದ ವಾಸನೆ ಬಂದದ್ದೇ ದೊಡ್ಡ ಶಾರ್ಕ್‌ನ ಕಣ್ಣು ಪೂರ್ತಿ ಕಪ್ಪಾಗಿ, ಅಟ್ಟಿಸಿಕೊಂಡು ಬರುತ್ತದೆ. ಅದಾದ ಮೇಲೆ ಪಾತಾಳದಂತಹ ಕತ್ತಲಲ್ಲಿ ತಲೆಗೆ ದೀಪ ಕಟ್ಟಿಕೊಂಡ, ಬಾಯಿ ತುಂಬ ಹಲ್ಲಿರುವ ಮೀನು. ಅಲ್ಲಿಗೆ ನಾವು ಟಿವಿ ನಿಲ್ಲಿಸಿ ಊಟ ಮಾಡಿದೆವು. ಊಟವಾದ ಮೇಲೆ ಅವಳೇ ಮತ್ತೆ ಹಾಕಿಸಿದಳು. ಮುಂದೆ ಅಂಬಲಿ ಮೀನುಗಳ (ಜೆಲ್ಲಿಫಿಶ್) ಕಾಡು, ತಿಮಿಂಗಿಲದ ಬಾಯಿ, ಕೊನೆಗೆ ಬಲೆ. ಕೊನೆಯಲ್ಲಿ ಒಂದು ಕ್ಷಣ ನೀಮೋ ಸತ್ತೇ ಹೋದ ಅನ್ನಿಸುತ್ತದೆ. ಸಾಯುವುದಿಲ್ಲ.

ಕಹಿಬೇವು · ಬುಧವಾರ, ಮಧ್ಯಾಹ್ನ 12.40

ನಮ್ಮ ಕಾಲದಲ್ಲಿ ಇಂತಹ ಚರ್ಚೆ ಇರಲಿಲ್ಲ. ‘ಗುಮ್ಮ ಬಂದ, ಬಾಯಿ ತೆಗೆ’ ಎಂದು ಹೆದರಿಸಿಯೇ ನಮಗೆ ತುತ್ತು ತಿನ್ನಿಸಿದರು. ರಾತ್ರಿ ಬಯಲಾಟದಲ್ಲಿ ಹಿರಣ್ಯಕಶಿಪುವಿನ ಹೊಟ್ಟೆ ಬಗೆಯುವುದನ್ನು ಮುಂದಿನ ಸಾಲಿನಲ್ಲಿ ಕುಳಿತು ನೋಡಿದೆವು. ಏನೂ ಆಗಲಿಲ್ಲ. ಒಂದು ಮೀನಿನ ಚಿತ್ರಕ್ಕೆ ಇಷ್ಟು ವಿಚಾರಣೆಯೇ? ಮಕ್ಕಳನ್ನು ಅಂಗೈಯಲ್ಲಿಟ್ಟು ಸಾಕಿದರೆ ನಾಳೆ ಬೀದಿ ನಾಯಿ ಕಂಡರೂ ಓಡುತ್ತವೆ.

ಕುವೆಂಪುನಗರದ ಅಜ್ಜಿ · ಬುಧವಾರ, ಮಧ್ಯಾಹ್ನ 2.15

ಏನೂ ಆಗಲಿಲ್ಲ ಎನ್ನುತ್ತೀರಿ, ಐವತ್ತು ವರ್ಷದ ಮೇಲೂ ಆ ಗುಮ್ಮ ನೆನಪಿದೆಯಲ್ಲಪ್ಪ! ಪುರಂದರದಾಸರ ಕೀರ್ತನೆಯಲ್ಲಿ ಸಾಕ್ಷಾತ್ ಕೃಷ್ಣನೇ ಗುಮ್ಮನನ್ನು ಕರೆಯಬೇಡ ಎಂದು ತಾಯಿಯನ್ನು ಬೇಡಿಕೊಳ್ಳುತ್ತಾನೆ. ದೇವರಿಗೇ ತಡೆಯಲಾಗದ್ದನ್ನು ನೀವು ತಡೆದಿರಿ, ಸಂತೋಷ.

ತಾಯಿ, ನಿನಗೆ ನನ್ನ ಅನುಭವ ಹೇಳುತ್ತೇನೆ. ನನ್ನ ಮೊಮ್ಮಗಳಿಗೂ ನಿನ್ನ ಮಗಳ ವಯಸ್ಸೇ. ಮಲಗುವಾಗ ಗೋವಿನ ಹಾಡು ಬೇಕೇ ಬೇಕು. ಅದರಲ್ಲಿ ಏನಿಲ್ಲ? ಹುಲಿ ಇದೆ, ತಾಯಿ ಕರುವನ್ನು ಬಿಟ್ಟು ಸಾಯಲು ಹೊರಡುತ್ತಾಳೆ, ಕರು ಇನ್ನು ಯಾರ ಬಳಿ ಮಲಗಲಿ ಎಂದು ಗೋಳಿಡುತ್ತದೆ, ಕೊನೆಗೆ ಹುಲಿಯೇ ಪ್ರಾಣ ಬಿಡುತ್ತದೆ. ಕರು ಅಳುವಲ್ಲಿ ಇವಳೂ ದಿನಾ ಅಳುತ್ತಾಳೆ. ಮರುದಿನ ಮತ್ತೆ ಅದೇ ಬೇಕು. ಆದ್ದರಿಂದ ತಾಯಿ ಸಾಯುವ ಕತೆ ಮಕ್ಕಳಿಗೆ ಬೇಡ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಆದರೆ ಅದೇ ಹಾಡಿನ ಕಾರ್ಟೂನನ್ನು ನನ್ನ ಸೊಸೆ ಮೊಬೈಲಿನಲ್ಲಿ ಹಾಕಿ ಕೊಟ್ಟಳು. ಹುಲಿ ಬಂದ ಕೂಡಲೇ ಮಗು ಮೊಬೈಲನ್ನು ಬೋರಲು ಹಾಕಿ ಅಡುಗೆ ಮನೆಗೆ ಓಡಿ ಬಂತು. ನಾನು ಹಾಡುವಾಗ ಹುಲಿ ಎಷ್ಟು ಹತ್ತಿರ ಬರಬೇಕು ಎಂದು ಅವಳ ಮುಖ ನೋಡಿ ತೀರ್ಮಾನಿಸುತ್ತೇನೆ. ಅವಳ ಕೈ ನನ್ನ ಸೀರೆಯನ್ನು ಬಿಗಿಯಾಗಿ ಹಿಡಿದರೆ ಹುಲಿ ಅಲ್ಲಿಯೇ ನಿಂತು ಸ್ವಲ್ಪ ನೀರು ಕುಡಿಯುತ್ತದೆ. ಮೊಬೈಲಿನ ಹುಲಿಗೆ ಬಾಯಾರಿಕೆ ಇಲ್ಲ.

ಶಿಶುವಿಹಾರದ ಟೀಚರ್ · ಬುಧವಾರ, ರಾತ್ರಿ 9.30

ಅಜ್ಜಿಯವರ ನೀರು ಕುಡಿಯುವ ಹುಲಿಯನ್ನು ನಾಳೆಯಿಂದ ನಾನೂ ಬಳಸಿಕೊಳ್ಳುತ್ತೇನೆ.

ಹದಿನೆಂಟು ವರ್ಷದಿಂದ ಮೂರರಿಂದ ಆರು ವರ್ಷದ ಮಕ್ಕಳ ಜೊತೆಗಿದ್ದೇನೆ. ದೊಡ್ಡವರು ‘ಹೆದರಿಕೆ’ ಎಂದು ಒಂದೇ ಹೆಸರಿನಲ್ಲಿ ಕರೆಯುವುದು ವಯಸ್ಸಿಗೆ ತಕ್ಕಂತೆ ಬೇರೆ ಬೇರೆ. ನಾಲ್ಕು ವರ್ಷದ ಮಗು ಕತೆಗೆ ಹೆದರುವುದು ಕಡಿಮೆ, ಕಣ್ಣಿಗೆ ಕಂಡದ್ದಕ್ಕೆ ಹೆದರುತ್ತದೆ: ಹಲ್ಲು, ಕತ್ತಲು, ಹಠಾತ್ತಾಗಿ ಬರುವ ಸದ್ದು. ಎಲ್ಲಕ್ಕಿಂತ ಹೆಚ್ಚಾಗಿ ಬದಲಾಗುವ ಮುಖ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೋಯನ್ ಕ್ಯಾಂಟರ್ ಎಂಬ ಪ್ರಾಧ್ಯಾಪಕಿ ಮಕ್ಕಳ ಭಯದ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದವರು. ಹಲ್ಕ್ ಎಂಬ ಹಸಿರು ದೈತ್ಯನ ಟಿವಿ ಧಾರಾವಾಹಿಯನ್ನು ತೋರಿಸಿದಾಗ ಪುಟ್ಟ ಮಕ್ಕಳು ಅತಿ ಹೆಚ್ಚು ಹೆದರಿದ್ದು ಆ ಸಾಧು ಮನುಷ್ಯ ದೈತ್ಯನಾಗಿ ಮಾರ್ಪಡುವ ದೃಶ್ಯಕ್ಕೆ. ಆ ದೈತ್ಯ ಒಳ್ಳೆಯವನು, ಜನರನ್ನು ಕಾಪಾಡುವವನು ಎಂಬುದು ಅವರ ಲೆಕ್ಕಕ್ಕೇ ಬರಲಿಲ್ಲ.

ನಮ್ಮ ಊರಿನ ಉದಾಹರಣೆಯನ್ನೇ ನೋಡಿ. ಚಾಮುಂಡಿ ಬೆಟ್ಟದ ಮಹಿಷಾಸುರನಿಗಿಂತ ಭಯಂಕರವಾದ ಮುಖ ಬೇಕೇ? ಒಂದು ಕೈಯಲ್ಲಿ ಕತ್ತಿ, ಇನ್ನೊಂದರಲ್ಲಿ ಹಾವು. ಮೈಸೂರಿನ ಅರ್ಧದಷ್ಟು ಮಕ್ಕಳ ಫೋಟೋ ಅವನ ಕಾಲ ಬಳಿಯೇ ಇದೆ, ಹೆಚ್ಚಿನವರು ನಗುತ್ತಲೇ ಇರುತ್ತಾರೆ. ಅವನು ನಿನ್ನೆ ಇದ್ದ ಹಾಗೆ ಇಂದೂ ಇದ್ದಾನೆ. ಅವನು ಒಮ್ಮೆ ಕಣ್ಣು ಮಿಟುಕಿಸಿದರೆ ಬೆಟ್ಟದ ಮೇಲೆ ಒಂದು ಮಗುವೂ ಉಳಿಯುವುದಿಲ್ಲ. ವಿಜಯನಗರದವರು ಹೇಳಿದ ಆ ಶಾರ್ಕ್ ಸರಿಯಾಗಿ ಇದನ್ನೇ ಮಾಡುತ್ತದೆ. ಸ್ನೇಹಿತನಾಗಿದ್ದವನ ಕಣ್ಣು ಕಪ್ಪಾಗುತ್ತದೆ. ನನ್ನ ಪ್ರಕಾರ ನಿಮ್ಮ ಮಗಳಿಗೆ ಕಷ್ಟವಾಗುವ ಜಾಗ ಅದು. ಮೊದಲ ಐದು ನಿಮಿಷ ಅಲ್ಲ.

ಎಂಟು ವರ್ಷದ ಮಗನ ಚಿಂತೆಯಿಲ್ಲ ಎಂದಿರಿ. ಸ್ವಲ್ಪ ಇರಲಿ. ಆ ವಯಸ್ಸಿಗೆ ಹಲ್ಲಿನ ಭಯ ಹೋಗಿ ‘ಇದು ನಿಜವಾಗಿ ನಡೆದರೆ?’ ಎಂಬ ಭಯ ಬಂದಿರುತ್ತದೆ. ಅಪ್ಪನ ಮಾತು ಕೇಳದೆ ಹಟ ಮಾಡಿ ಮುಂದೆ ಹೋದದ್ದಕ್ಕೇ ನೀಮೋ ಮನುಷ್ಯರ ಕೈಗೆ ಸಿಕ್ಕಿಬೀಳುತ್ತಾನೆ. ಅದು ಎಂಟರ ಹುಡುಗನ ಎದೆಗೇ ತಗಲುವ ವಿಷಯ.

ಒಂದು ಕೋರಿಕೆ. ಹೆದರಿದ ಪುಟ್ಟ ಮಗುವಿಗೆ ‘ಅದೆಲ್ಲ ಸುಳ್ಳು, ಬರೀ ಚಿತ್ರ’ ಎಂದು ತರ್ಕ ಹೇಳಬೇಡಿ. ನಾಲ್ಕರ ವಯಸ್ಸಿಗೆ ಅದು ಕೆಲಸ ಮಾಡುವುದಿಲ್ಲ. ತೊಡೆಯ ಮೇಲೆ ಕೂರಿಸಿಕೊಳ್ಳಿ, ಕುಡಿಯಲು ಏನಾದರೂ ಕೊಡಿ, ಬೇಕಾದರೆ ಎದ್ದು ಹೊರಗೆ ಹೋಗಿ. ಹೆದರಿದ್ದಕ್ಕೆ ನಗುವುದಂತೂ ಬೇಡವೇ ಬೇಡ.

ಕಾಗದಪತ್ರ · ಗುರುವಾರ, ಬೆಳಿಗ್ಗೆ 8.50

ಎಲ್ಲರೂ ಅನುಭವ ಹೇಳುತ್ತಿದ್ದೀರಿ, ಸೆನ್ಸಾರ್ ಮಂಡಳಿಯ ಸರ್ಟಿಫಿಕೇಟ್ ನೋಡಿದರೆ ಸಾಕಲ್ಲವೇ ಎಂದು ಕೇಳಬೇಕೆಂದಿದ್ದೆ. ಕೂತು ಓದಿದ ಮೇಲೆ ಸಾಲದು ಅನ್ನಿಸಿತು.

1952ರ ಚಲನಚಿತ್ರ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ, ಮೊದಲು ಒಂದೇ ಆಗಿದ್ದ ‘ಯುಎ’ ಈಗ ಮೂರಾಗಿದೆ: ಯುಎ 7+, ಯುಎ 13+, ಯುಎ 16+. ‘ಎ’ ಇದ್ದರೆ ಹದಿನೆಂಟರ ಒಳಗಿನವರಿಗೆ ಪ್ರವೇಶವಿಲ್ಲ. ಯುಎ ಮಾತ್ರ ಹಾಗಲ್ಲ, ಬಾಗಿಲಲ್ಲಿ ಯಾರೂ ಮಗುವನ್ನು ತಡೆಯುವುದಿಲ್ಲ, ಯೋಚಿಸುವ ಹೊರೆ ತಂದೆತಾಯಿಯದು. ಮನೆಯಲ್ಲಿ ಅಂತರ್ಜಾಲದ ವೇದಿಕೆಗಳಲ್ಲಿ ನೋಡುವಾಗಲೂ 2021ರ ನಿಯಮದಂತೆ ಇದೇ ವಯಸ್ಸಿನ ಗುರುತು ಇರುತ್ತದೆ, 13+ ಮತ್ತು ಅದಕ್ಕೆ ಮೇಲಿನದಕ್ಕೆ ಪೋಷಕರು ಬೀಗ ಹಾಕಿಕೊಳ್ಳುವ ವ್ಯವಸ್ಥೆ ಕೊಡಬೇಕು.

ಈಗ ವಿಚಿತ್ರ ನೋಡಿ. ಶುರುವಿನಲ್ಲೇ ತಾಯಿ ಸಾಯುವ ಈ ಮೀನಿನ ಚಿತ್ರಕ್ಕೆ ಅಮೆರಿಕದಲ್ಲಿ ಸಿಕ್ಕಿದ್ದು ‘ಜಿ’, ಅಂದರೆ ಎಲ್ಲ ವಯಸ್ಸಿನವರೂ ನೋಡಬಹುದಾದದ್ದು. ತಂದೆ ಸಿಂಹ ಮರಿಯ ಕಣ್ಣೆದುರೇ ಸಾಯುವ 1994ರ ‘ದಿ ಲಯನ್ ಕಿಂಗ್’ಗೂ ಅದೇ ‘ಜಿ’. ಇತ್ತ 2016ರಲ್ಲಿ ‘ದಿ ಜಂಗಲ್ ಬುಕ್’ಗೆ ನಮ್ಮ ಮಂಡಳಿ ಯುಎ ಕೊಟ್ಟಾಗ ದೇಶವೆಲ್ಲ ನಕ್ಕಿತು, ನಾನೂ ನಕ್ಕಿದ್ದೆ. ತ್ರೀಡಿಯಲ್ಲಿ ಹುಲಿ ಮುಖದ ಮೇಲೆ ಹಾರಿದಾಗ ನನ್ನ ಮಗ ಕನ್ನಡಕ ಕಿತ್ತೆಸೆದ, ನಗು ನಿಂತಿತು. ಮಂಡಳಿಯವರು ರಕ್ತವನ್ನೂ ಬೈಗುಳವನ್ನೂ ಅಳೆಯಬಲ್ಲರು. ದುಃಖವನ್ನು ಅಳೆಯುವ ಸೇರು ಅವರ ಬಳಿಯೂ ಇಲ್ಲ.

ಮಂಡ್ಯದ ಮೇಷ್ಟ್ರು · ಗುರುವಾರ, ಸಂಜೆ 6.10

ಯಾರೂ ಕೇಳದ ಒಂದು ಪ್ರಶ್ನೆ: ಸಿನಿಮಾ ಯಾವ ಭಾಷೆಯಲ್ಲಿದೆ?

ನಮ್ಮದು ಮಂಡ್ಯದ ಹತ್ತಿರದ ಹಳ್ಳಿಯ ಸರ್ಕಾರಿ ಶಾಲೆ. ಎರಡು ವರ್ಷದ ಹಿಂದೆ ಮಕ್ಕಳ ದಿನಾಚರಣೆಗೆ ಇದೇ ಚಿತ್ರವನ್ನು ಇಂಗ್ಲಿಷಿನಲ್ಲಿ ಒಂದರಿಂದ ಮೂರನೇ ತರಗತಿಯವರಿಗೆ ಹಾಕಿದೆ. ಚಿತ್ರ ತಾನೇ, ಮಾತು ಬೇಕಿಲ್ಲ ಎಂಬುದು ನನ್ನ ತಿಳಿವಳಿಕೆಯಾಗಿತ್ತು. ಈ ಚಿತ್ರದಲ್ಲಿ ಪ್ರತಿ ಭಯದ ಪಕ್ಕದಲ್ಲೇ ಒಂದು ನಗೆ ಮಾತು ಇಟ್ಟಿದ್ದಾರೆ. ಎಲ್ಲವನ್ನೂ ಮರೆಯುವ ಆ ನೀಲಿ ಮೀನಿನ ಮಾತುಗಳೇ ಭಯಕ್ಕೆ ಮದ್ದು. ನಮ್ಮ ಮಕ್ಕಳಿಗೆ ಮಾತು ತಲುಪಲಿಲ್ಲ, ಹಲ್ಲು ಮಾತ್ರ ತಲುಪಿತು. ಶಾರ್ಕ್ ಬಂದಾಗ ಮುಂದಿನ ಸಾಲು ಎದ್ದು ಹಿಂದಿನ ಸಾಲಿನ ಮೇಲೆ ಬಿತ್ತು. ಒಂದನೇ ತರಗತಿಯ ಇಬ್ಬರು ಚೀಲ ತೆಗೆದುಕೊಂಡು ಮನೆಗೇ ಹೊರಟರು.

ನಿಲ್ಲಿಸಿದೆ. ಮೈಕ್ ಹಿಡಿದೆ. ಸಿನಿಮಾದ ಧ್ವನಿ ಅರ್ಧಕ್ಕಿಳಿಸಿ ನಾನೇ ಕನ್ನಡದಲ್ಲಿ ಕತೆ ಹೇಳುತ್ತಾ ಹೋದೆ. ‘ಈಗ ಒಂದು ದೊಡ್ಡ ಮೀನು ಬರುತ್ತದೆ, ಅದು ಉಪವಾಸ ವ್ರತದಲ್ಲಿದೆ, ಆದರೆ ವ್ರತ ಕೆಡುತ್ತದೆ, ನೋಡಿ’ ಎಂದೆ. ಮಕ್ಕಳು ವ್ರತ ಕೆಡುವುದನ್ನೇ ಕಾಯುತ್ತಾ ಕುಳಿತರು. ಮೊದಲೇ ಹೇಳಿದ ಭಯ ಅರ್ಧ ಭಯ. ಎರಡನೇ ತರಗತಿಯ ಒಬ್ಬ ಮಾತ್ರ ಅಪ್ಪ ಮೀನು ಮಗನಿಗಾಗಿ ಕಡಲೆಲ್ಲ ಅಲೆಯುವಾಗ ಕೈಯೆತ್ತಿ, ‘ಮೇಷ್ಟ್ರೇ, ಇದು ಸಾರಿಗೆ ಆಗುವ ಮೀನೇ?’ ಎಂದು ಕೇಳಿದ. ಅವರ ಮನೆಯವರು ಕೆರೆಯಲ್ಲಿ ಬಲೆ ಬೀಸುವವರು. ಕೊನೆಯಲ್ಲಿ ಬಲೆ ಹರಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಅವನೊಬ್ಬ ಬಲೆಯ ಖರ್ಚು ಯಾರು ಕೊಡುತ್ತಾರೆ ಎಂಬ ಯೋಚನೆಯಲ್ಲಿದ್ದ.

ಕನ್ನಡಕ್ಕೆ ಡಬ್ಬಿಂಗ್ ಬೇಡ ಎಂದು ಚಿತ್ರರಂಗದವರು ದಶಕಗಳ ಕಾಲ ತಡೆದರು. ವ್ಯಾಪಾರದಲ್ಲಿ ಸ್ಪರ್ಧೆಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತದ ಸ್ಪರ್ಧಾ ಆಯೋಗ 2015ರಲ್ಲಿ ಆ ತಡೆ ಸರಿಯಲ್ಲ ಎಂದು ಹೇಳಿ ದಂಡ ಹಾಕಿತು. ತಡೆದವರ ಕಾರಣಗಳು ಅವರಿಗಿದ್ದವು, ಆ ಜಗಳ ಇಲ್ಲಿ ಬೇಡ. ಆದರೆ ಅದರಿಂದ ಒಂದು ಇಡೀ ತಲೆಮಾರಿನ ಮಕ್ಕಳು ಕಾರ್ಟೂನನ್ನು ಪರಭಾಷೆಯಲ್ಲಿ, ಅರ್ಧ ಅರ್ಥವಾಗಿ ನೋಡಿದರು ಎಂಬ ಸಂಕಟ ನನಗಿದೆ. ನಿಮ್ಮ ಮಗಳಿಗೆ ಇಂಗ್ಲಿಷ್ ಎಷ್ಟು ಬರುತ್ತದೆ ಎಂಬುದರ ಮೇಲೆ ಭಯದ ಪ್ರಮಾಣ ನಿಂತಿದೆ ಮೇಡಂ.

ಸರಸ್ವತಿಪುರಂ ಅಮ್ಮ · ಗುರುವಾರ, ರಾತ್ರಿ 8.45

ಮೇಷ್ಟ್ರೇ, ನಮ್ಮ ಭವನದಲ್ಲೂ ಇಂಗ್ಲಿಷಿನದೇ. ಮಗ ಪೂರ್ತಿ ಹಿಂಬಾಲಿಸುತ್ತಾನೆ. ಇವಳಿಗೆ ಬಣ್ಣ, ಹಣ್ಣು, ‘ಮೇ ಐ ಕಮ್ ಇನ್’ ಅಷ್ಟೇ.

ಒಂದು ಸಲಹೆ ಬಂದಿದೆ. ಮೊದಲ ಐದು ನಿಮಿಷ ಬಿಟ್ಟು, ನೀಮೋ ಶಾಲೆಗೆ ಹೊರಡುವ ದಿನದಿಂದ ಹಾಕೋಣ ಎಂದು. ಏನನ್ನುತ್ತೀರಿ?

ವಿಜಯನಗರ ಎರಡನೇ ಹಂತ · ಗುರುವಾರ, ರಾತ್ರಿ 9.00

ಬಿಟ್ಟರೆ ಆ ಅಪ್ಪ ಯಾಕೆ ಅಷ್ಟು ಪುಕ್ಕಲ ಎಂಬುದೇ ಗೊತ್ತಾಗುವುದಿಲ್ಲ. ಸುಮ್ಮನೆ ಗೊಣಗುವ ಮುದುಕನಂತೆ ಕಾಣುತ್ತಾನೆ. ಚಿತ್ರದ ಬೇರನ್ನೇ ಕತ್ತರಿಸಿದಂತೆ.

ಶಿಶುವಿಹಾರದ ಟೀಚರ್ · ಗುರುವಾರ, ರಾತ್ರಿ 9.20

ಎಂಟರವರಿಗೆ ಬೇರು ಬೇಕು. ನಾಲ್ಕರವರಿಗೆ ಮೀನು ಈಜಿದರೆ ಸಾಕು. ನಾಲ್ಕರವರನ್ನು ಹತ್ತು ನಿಮಿಷ ತಡವಾಗಿ ಒಳಗೆ ಕರೆತನ್ನಿ, ಇಬ್ಬರಿಗೂ ನ್ಯಾಯ ಸಿಗುತ್ತದೆ. ‘ಅವನ ಅಮ್ಮ ಎಲ್ಲಿ?’ ಎಂದು ಕೇಳಿದರೆ ನಿಜವನ್ನೇ ಹೇಳಿ. ಊರಿಗೆ ಹೋಗಿದ್ದಾಳೆ ಎಂದರೆ ನೀವು ಊರಿಗೆ ಹೊರಟ ದಿನ ಫಜೀತಿ.

ಇನ್ನೊಂದು: ನೂರು ನಿಮಿಷ ಈ ವಯಸ್ಸಿಗೆ ಉದ್ದ. ಮೂರು ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಕಾಲ ಕುಳಿತು ಪರದೆ ನೋಡುವುದು ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ವರ್ಷಕ್ಕೊಂದು ಹಬ್ಬದಂತಹ ದಿನಕ್ಕೆ ನಾನು ಗಡಿಯಾರ ಹಿಡಿಯುವವಳಲ್ಲ, ಮಧ್ಯೆ ಎದ್ದು ಕುಣಿಯಲು ಬಿಡಿ.

ಹೆಸರು ಬೇಡ · ಶುಕ್ರವಾರ, ಬೆಳಿಗ್ಗೆ 6.30

ಇಲ್ಲಿ ಬರೆಯುವುದು ಇದೇ ಮೊದಲು. ನನ್ನ ಅಕ್ಕ ತೀರಿಕೊಂಡು ಒಂದೂವರೆ ವರ್ಷ. ಅವಳ ಮಗನಿಗೆ ಆರು ವರ್ಷ, ನಮ್ಮಲ್ಲೇ ಇದ್ದಾನೆ. ಕಳೆದ ವರ್ಷ ಪರಿಚಿತರ ಮನೆಯ ಹುಟ್ಟುಹಬ್ಬದಲ್ಲಿ ಹೀಗೆಯೇ ಒಂದು ಮಕ್ಕಳ ಚಿತ್ರ ಹಾಕಿದರು. ಅದರಲ್ಲೂ ತಾಯಿ ಇರಲಿಲ್ಲ. ಅವನು ಅಳಲಿಲ್ಲ, ಕೇಕ್ ತಿಂದ, ಆಡಿದ. ರಾತ್ರಿ ಮಲಗುವಾಗ, ‘ಅವರಿಗೆಲ್ಲ ಗೊತ್ತಿತ್ತು, ಆದರೂ ಯಾಕೆ ಹಾಕಿದರು?’ ಎಂದು ಕೇಳಿದ. ಅವರಿಗೆ ಗೊತ್ತಿರಲಿಲ್ಲ, ಅಂದರೆ ಯಾರಿಗೂ ಹೊಳೆದಿರಲಿಲ್ಲ.

ಚಿತ್ರ ಹಾಕಬೇಡಿ ಎಂದು ಹೇಳುತ್ತಿಲ್ಲ. ಅಂತಹ ಮಗು ನಿಮ್ಮ ಬೀದಿಯಲ್ಲಿದ್ದರೆ ಆ ಮನೆಯವರಿಗೆ ಮುಂಚೆ ಒಂದು ಮಾತು ಹೇಳಿ. ಬರುವುದು ಬಿಡುವುದು ಅವರು ನೋಡಿಕೊಳ್ಳುತ್ತಾರೆ.

ಸರಸ್ವತಿಪುರಂ ಅಮ್ಮ · ಶುಕ್ರವಾರ, ಬೆಳಿಗ್ಗೆ 7.15

ಒಂದು ಮನೆ ಇದೆ. ನನಗೂ ಹೊಳೆದಿರಲಿಲ್ಲ. ಈಗಲೇ ಹೋಗಿ ಬರುತ್ತೇನೆ.

ಹಳೆಯ ಆಪರೇಟರ್ · ಶುಕ್ರವಾರ, ಬೆಳಿಗ್ಗೆ 11.30

ಇಪ್ಪತ್ತಾರು ವರ್ಷ ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸಿದವನು ನಾನು. ಮಕ್ಕಳು ಅತ್ತು ಹೊರಗೆ ಓಡುವುದನ್ನು ಕಿಂಡಿಯಿಂದ ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಹತ್ತರಲ್ಲಿ ಎಂಟು ಸಲ ಓಡಿಸಿದ್ದು ಚಿತ್ರವಲ್ಲ, ಸದ್ದು. ಚಿತ್ರಮಂದಿರದ ಧ್ವನಿಯ ಅಳತೆಯಲ್ಲಿ ತೆರೆಯ ಹಿಂದಿನ ಪ್ರತಿ ಸ್ಪೀಕರಿಗೆ ಗೊತ್ತುಮಾಡಿದ ಮಟ್ಟ 85 ಡೆಸಿಬೆಲ್, ಆರ್ಭಟದ ಹೊತ್ತಿಗೆ 105ರವರೆಗೂ ಏರಬಹುದು. ಕಣ್ಣು ಮುಚ್ಚಿಕೊಂಡರೆ ಶಾರ್ಕ್ ಹೋಗುತ್ತದೆ, ಕಿವಿಗೆ ರೆಪ್ಪೆ ಎಲ್ಲಿದೆ?

ಭವನ ನಿಮ್ಮ ಕೈಯಲ್ಲೇ ಇದೆಯಲ್ಲ. ಹಿಂದಿನ ಎರಡು ಟ್ಯೂಬ್‌ಲೈಟ್ ಉರಿಯಲಿ. ಧ್ವನಿಯನ್ನು ನಿಮ್ಮ ಮನೆಯ ಟಿವಿಯಷ್ಟೇ ಇಡಿ. ಪುಟ್ಟವರನ್ನು ಮುಂದೆ ಕೂರಿಸಬೇಡಿ, ಅಲ್ಲಿ ತೆರೆ ಮೈಮೇಲೆ ಬರುತ್ತದೆ. ಬಾಗಿಲ ಪಕ್ಕ, ಚಾಪೆಯ ಮೇಲೆ, ತಾಯಂದಿರ ಜೊತೆ ಕೂರಲಿ. ಬಾಗಿಲು ತೆರೆದೇ ಇರಲಿ. ಹೋಗಬಹುದು ಎಂದು ಗೊತ್ತಿದ್ದರೆ ಮಕ್ಕಳು ಹೋಗುವುದಿಲ್ಲ.

ಪುಟ್ಟ ರೆಕ್ಕೆ · ಶುಕ್ರವಾರ, ಮಧ್ಯಾಹ್ನ 3.00

ಎಲ್ಲರೂ ಭಯದ ಬಗ್ಗೆಯೇ ಬರೆದಿರಿ. ನನ್ನ ಮಗನ ಬಲಗೈ ಹುಟ್ಟಿನಿಂದಲೇ ಚಿಕ್ಕದು. ನೀಮೋವಿನ ಬಲ ಈಜುರೆಕ್ಕೆಯೂ ಹಾಗೆಯೇ, ಅಪ್ಪ ಅದನ್ನು ಅದೃಷ್ಟದ ರೆಕ್ಕೆ ಎನ್ನುತ್ತಾನೆ. ನನ್ನ ಮಗ ನಾಲ್ಕನೇ ವರ್ಷದಲ್ಲಿ ನೋಡಿದ. ಶಾರ್ಕ್‌ಗೆ ಹೆದರಿದ, ಅತ್ತ. ಮರುದಿನ ಶಾಲೆಗೆ ಹೋಗುವಾಗ ಮೊದಲ ಬಾರಿಗೆ ಅರ್ಧ ತೋಳಿನ ಅಂಗಿ ಕೇಳಿದ.

ಕಹಿಬೇವು · ಶುಕ್ರವಾರ, ಸಂಜೆ 5.20

ಸರಿ, ನನ್ನ ಮಾತು ಸ್ವಲ್ಪ ಒರಟಾಯಿತು. ಬಯಲಾಟದ ವಿಷಯ ಬರೆದ ಮೇಲೆ ನೆನಪಾಯಿತು: ನಾನು ಮುಂದಿನ ಸಾಲಿನಲ್ಲಿ ಕುಳಿತಿದ್ದು ನಿಜ, ಆದರೆ ಅಜ್ಜನ ಕಂಬಳಿಯೊಳಗೆ. ಕಂಬ ಒಡೆಯುವಾಗ ಕಂಬಳಿ ಮುಖಕ್ಕೆ ಎಳೆದುಕೊಂಡಿದ್ದೆ. ನರಸಿಂಹನ ವೇಷದವರು ಬಣ್ಣ ಹಚ್ಚುವ ಚೌಕಿಯಲ್ಲಿ ಬೀಡಿ ಸೇದುವುದನ್ನೂ ಸಂಜೆಯೇ ನೋಡಿದ್ದೆ. ಆದರೂ ಇಷ್ಟೊಂದು ಸಿದ್ಧತೆ ಅತಿಯಾಯಿತು ಎಂಬ ಅಭಿಪ್ರಾಯ ಬದಲಾಗಿಲ್ಲ.

ಸರಸ್ವತಿಪುರಂ ಅಮ್ಮ · ಭಾನುವಾರ, ಬೆಳಿಗ್ಗೆ 9.40

ವರದಿ ಒಪ್ಪಿಸುತ್ತಿದ್ದೇನೆ.

ಆ ಮನೆಯವರಿಗೆ ಹೇಳಿದೆ. ಅವರು ಮಗುವನ್ನೇ ಕೇಳಿದರಂತೆ. ಅದು ಬಂತು, ಚಿಕ್ಕಮ್ಮನ ಜೊತೆ ಕೂತಿತು, ಪೂರ್ತಿ ನೋಡಿತು. ಏನನ್ನಿಸಿತು ಎಂದು ನಾನು ಕೇಳಲಿಲ್ಲ.

ಪುಟ್ಟವರು ಹತ್ತು ನಿಮಿಷ ತಡವಾಗಿ ಒಳಗೆ ಬಂದರು. ನಮ್ಮ ಬೀದಿಯ ಕಾಲೇಜು ಹುಡುಗಿಯೊಬ್ಬಳು ಮಂಡ್ಯದ ಮೇಷ್ಟ್ರ ರೀತಿಯಲ್ಲಿ ಮೈಕ್ ಹಿಡಿದಳು, ವ್ರತ ಕೆಡುವ ಮಾತನ್ನು ಹಾಗೆಯೇ ಕದ್ದಳು. ಶಾರ್ಕ್‌ನ ಕಣ್ಣು ಕಪ್ಪಾದಾಗ ನನ್ನ ಮಗಳು ನನ್ನ ಕೈಯನ್ನು ತೆಗೆದುಕೊಂಡು ತನ್ನ ಕಣ್ಣಿನ ಮೇಲೆ ಇಟ್ಟುಕೊಂಡಳು, ಬೆರಳ ಸಂದಿಯಿಂದ ನೋಡಿದಳು. ಓಡಲಿಲ್ಲ. ತಿಮಿಂಗಿಲದ ಹೊತ್ತಿಗೆ ಗುಡುಗು ಮಳೆ ಬಂದು ಕರೆಂಟ್ ಹೋಯಿತು. ಇಪ್ಪತ್ತು ನಿಮಿಷ ಮೊಬೈಲ್ ಬೆಳಕಿನಲ್ಲಿ ಮೂವತ್ತು ಮಕ್ಕಳು ಚಿತ್ರದ ಆ ನೀಲಿ ಮೀನಿನಂತೆ ತಿಮಿಂಗಿಲದ ಭಾಷೆಯಲ್ಲಿ ಕೂಗಿದರು. ಆಪರೇಟರ್ ಸರ್, ಅದರ ಡೆಸಿಬೆಲ್ ಎಷ್ಟಿತ್ತೋ!

ಟೀಚರ್ ಹೇಳಿದಂತೆ ರಾತ್ರಿ ಎದ್ದು ಬಂದವನು ಎಂಟರ ಮಗ. ‘ನಾನು ನಿಮ್ಮ ಮಾತು ಕೇಳದೆ ಹೋದರೂ ಹುಡುಕಿಕೊಂಡು ಬರುತ್ತೀರಾ?’ ಎಂದು ಅವರ ಅಪ್ಪನನ್ನು ಎಬ್ಬಿಸಿ ಕೇಳಿದ. ಮೀನಿನ ಕತೆಗೆ ಯಾರು ಹೆದರುತ್ತಾರೆ ಎಂದಿದ್ದವರು ಆಮೇಲೆ ನಿದ್ದೆ ಮಾಡಲಿಲ್ಲ.

ಮಗಳ ಮಾತಿಗೆ ಬಂದರೆ, ನಾವ್ಯಾರೂ ಎಣಿಸದ ಕಡೆ ಏಟು ಬಿತ್ತು. ನೀಮೋ ಸಿಕ್ಕಿಬೀಳುವುದು ಒಬ್ಬ ಹಲ್ಲಿನ ಡಾಕ್ಟರ ಮೀನಿನ ತೊಟ್ಟಿಯಲ್ಲಿ. ಕುರ್ಚಿ, ಕೊರೆಯುವ ಯಂತ್ರ, ಕೂಗುವ ರೋಗಿ ಎಲ್ಲ ಇದೆ. ಇವಳಿಗೆ ದವಡೆ ಹಲ್ಲು ಹುಳುಕಾಗಿ ಬರುವ ಗುರುವಾರ ಡಾಕ್ಟರ ಬಳಿ ಹೋಗಬೇಕಿದೆ.

ವಿಜಯನಗರ ಎರಡನೇ ಹಂತ · ಭಾನುವಾರ, ಬೆಳಿಗ್ಗೆ 10.00

ಅಯ್ಯೋ! ಹಲ್ಲಿನ ಡಾಕ್ಟರನ್ನು ಹೇಳುವುದೇ ಮರೆತೆ. ಕ್ಷಮಿಸಿ.

ಕುವೆಂಪುನಗರದ ಅಜ್ಜಿ · ಶುಕ್ರವಾರ, ಸಂಜೆ 4.00

ತಾಯಿ, ನಿನ್ನೆ ಗುರುವಾರ ಆಯಿತಲ್ಲ. ಮಗು ಬಾಯಿ ತೆರೆಯಿತೇ?

ಸರಸ್ವತಿಪುರಂ ಅಮ್ಮ · ಶುಕ್ರವಾರ, ಸಂಜೆ 4.25

ಇಲ್ಲ ಅಮ್ಮ. ಅಲ್ಲೂ ಕಾಯುವ ಕೋಣೆಯಲ್ಲಿ ಒಂದು ಮೀನಿನ ತೊಟ್ಟಿ ಇತ್ತು. ಅದರ ಮುಂದೆ ಅರ್ಧ ಗಂಟೆ ನಿಂತಳು. ಡಾಕ್ಟರು ಹೊರಗೆ ಬಂದು ಮಾತನಾಡಿಸಿದಾಗ, ‘ಇವುಗಳ ಅಪ್ಪ ಎಲ್ಲಿ?’ ಎಂದು ಕೇಳಿ ಬಾಯಿ ಬಿಗಿಯಾಗಿ ಮುಚ್ಚಿಕೊಂಡಳು. ಮುಂದಿನ ಗುರುವಾರ ಮತ್ತೆ ಬರಲು ಹೇಳಿದ್ದಾರೆ.